ಹುಳ ಹಣ್ಣಾಗುವ ತನಕ

ಅಕ್ಕೂರಿಗೆ ಬಂದು ಪ್ರತಿಮಾ ಮನೆ ಯಾವುದು ಎಂದರೆ ಯಾವ ಪ್ರತಿಮಾ ಎಂದು ಕೇಳುತ್ತಾರೆ. ಮಿಲ್ಟ್ರಿ ಲೋಕೇಶನ ಹೆಂಡತಿ ಎಂದರೆ ಬಾಗಿಲ ತನಕ ಬಂದು ಬಿಟ್ಟುಹೋಗುತ್ತಾರೆ. ದಾರಿಯಲ್ಲಿ ಇನ್ನೊಂದು ಮಾತನ್ನೂ ಪುಕ್ಕಟೆಯಾಗಿ ಸೇರಿಸುತ್ತಿದ್ದ ಕಾಲವೊಂದಿತ್ತು: ಗಂಡ ಕಾಲು ಕಳೆದುಕೊಂಡು ಆಸ್ಪತ್ರೆಯಲ್ಲಿ ಬಿದ್ದಿದ್ದಾಗ ರೇಷ್ಮೆ ಹುಳ ಬಿಟ್ಟು ಹೋಗದವಳು ಇವಳೇ ನೋಡಿ. ಆ ಮಾತು ಸುಳ್ಳು. ಹೇಳುತ್ತಿದ್ದವರಿಗೂ ಅದು ಸುಳ್ಳೆಂದು ಗೊತ್ತಿತ್ತು. ಗೊತ್ತಿದ್ದೂ ಹೇಳುವುದರಲ್ಲಿ ನಮ್ಮ ಜನಕ್ಕೆ ಇರುವ ರುಚಿ ಬಾಡೂಟದಲ್ಲೂ ಇಲ್ಲ. ಊರಿನ ಬಾಯಿ ಹಾಳಾಗಲಿ, ಪ್ರತಿಮಾಗೆ ಗಂಡ ಒಬ್ಬ ನಂಬಿದ್ದರೆ ಸಾಕಿತ್ತು. ಅದೊಂದಕ್ಕಾಗಿ ಅವಳು ಐದು ವರ್ಷ ಕಾದಳು.

ಅವಳು ಹುಟ್ಟಿದ್ದು ಮಾಗಡಿ ಕಡೆಯ ಗುಡೇಮಾರನಹಳ್ಳಿಯಲ್ಲಿ. ಅಪ್ಪನದು ರಾಗಿ, ಹುರುಳಿ ಬೆಳೆಯುವ ಹೊಲ. ಹುಳ ಸಾಕುವುದು ಹೇಗೆಂದು ಅವಳು ಕಂಡಿದ್ದೇ ಮದುವೆಯಾಗಿ ಅಕ್ಕೂರಿಗೆ ಬಂದ ಮೇಲೆ. ಅತ್ತೆ ಕೆಂಚಮ್ಮ ಗಂಡನನ್ನು ಬೇಗ ಕಳೆದುಕೊಂಡವಳು. ಎರಡು ಎಕರೆ ಹಿಪ್ಪುನೇರಳೆ ತೋಟ ಮತ್ತು ಹುಳದ ಮನೆ ನಂಬಿಕೊಂಡು ಒಬ್ಬನೇ ಮಗನನ್ನು ಬೆಳೆಸಿದ್ದಳು. ಆ ಮಗ ಹತ್ತೊಂಬತ್ತಕ್ಕೇ ಸೈನ್ಯಕ್ಕೆ ಸೇರಿ ಅವಳ ಹೊಟ್ಟೆ ಉರಿಸಿದ್ದ. ವರ್ಷಕ್ಕೊಮ್ಮೆ ರಜ. ಬಂದವನು ನೆಂಟರ ಮನೆಗಳನ್ನು ಸುತ್ತಿ ಮುಗಿಸುವಷ್ಟರಲ್ಲಿ ರೈಲು ಹತ್ತುವ ದಿನ ಬಂದಿರುತ್ತಿತ್ತು. ಮದುವೆಯಾಗಿ ನಾಲ್ಕು ವರ್ಷ ಕಳೆದಿದ್ದರೂ, ಮಗಳು ನವ್ಯಶ್ರೀ ಮಾತು ಕಲಿತಿದ್ದರೂ, ಗಂಡನಿಗೆ ಸಾರಿನಲ್ಲಿ ಹುಳಿ ಮುಂದಿರಬೇಕೋ ಖಾರ ಮುಂದಿರಬೇಕೋ ಎಂಬುದು ಪ್ರತಿಮಾಗೆ ಇನ್ನೂ ಸರಿಯಾಗಿ ಗೊತ್ತಿರಲಿಲ್ಲ. ಅದೇ ಹುಳದ ವಿಷಯ ಕೇಳಿ, ಹೇಳುತ್ತಿದ್ದಳು. ಎಷ್ಟು ಹೊತ್ತಿಗೆ ಮಲಗುತ್ತವೆ, ಏಳುತ್ತವೆ, ಯಾವಾಗ ಸೊಪ್ಪು ಬೇಕು, ಯಾವಾಗ ಗಾಳಿ ಬೇಕು ಎಲ್ಲ ಅವಳ ಬೆರಳ ತುದಿಯಲ್ಲಿತ್ತು.

ಹುಳ ಸಾಕುವ ಮನೆಗೆ ಅದರದೇ ಮಡಿ ಇರುತ್ತದೆ. ಹುಳ ತಟ್ಟೆಯ ಮೇಲಿರುವಷ್ಟು ದಿನ ಹೊರಗಿನವರು ಒಳಗೆ ಕಾಲಿಡುವ ಹಾಗಿಲ್ಲ. ಸಾವಿನ ಮನೆಯಿಂದ ಬಂದವರಂತೂ ಜಗಲಿಯನ್ನೂ ಹತ್ತಬಾರದು. ಸೂತಕದ ಸುದ್ದಿಯನ್ನು ಹುಳಕ್ಕೆ ಸೊಪ್ಪು ಹಾಕುವವರ ಕಿವಿಯ ಮೇಲೆ ಹಾಕುವುದೂ ಇಲ್ಲ. ಹುಳ ನಾಲ್ಕು ಸಲ ಮೇವು ಬಿಟ್ಟು ಮಲಗಿ ಪೊರೆ ಕಳಚುತ್ತದೆ, ಅದಕ್ಕೆ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಹುಳಕ್ಕೆ ಹಗಲಿಲ್ಲ ರಾತ್ರಿಯಿಲ್ಲ, ಒಂದೇ ಸಮ ತಿನ್ನುತ್ತದೆ. ತಿಂದು ತಿಂದು ಮೈ ಹಳದಿಗೆ ತಿರುಗಿ ಹಣ್ಣಾದಾಗ ಒಂದೊಂದನ್ನೇ ಆರಿಸಿ ಬಿದಿರಿನಲ್ಲಿ ಹೆಣೆದ ಚಂದ್ರಿಕೆಗೆ ಬಿಟ್ಟರೆ ಅಲ್ಲಿ ಗೂಡು ಕಟ್ಟುತ್ತದೆ. ಆ ಕಡೇ ವಾರದಲ್ಲಿ ಮನೆಯವರು ನೆಂಟರ ಮದುವೆಗೂ ಹೋಗುವುದಿಲ್ಲ. ಏನಾದರೂ ಹೇಳುವುದಿದ್ದರೆ ಹುಳ ಹಣ್ಣಾಗಲಿ, ಆಮೇಲೆ ಹೇಳಿದರಾಯಿತು ಎಂದು ಎಲ್ಲರೂ ಸುಮ್ಮನಾಗುತ್ತಾರೆ.

ಮೊದಮೊದಲು ಪ್ರತಿಮಾ ಇದನ್ನೆಲ್ಲ ಕೇಳಿ ನಗುತ್ತಿದ್ದಳು. ಎರಡು ಸಾವಿರದ ಒಂದರ ಮಳೆಗಾಲದಲ್ಲಿ ಅವಳ ಅಪ್ಪ ತೀರಿಕೊಂಡ. ಸುದ್ದಿ ಬಂದಾಗ ಹುಳ ಮೂರನೇ ಜ್ವರ ಎದ್ದಿದ್ದವು. ಕೈಲಿದ್ದ ಸೊಪ್ಪನ್ನು ಅಲ್ಲೇ ಎಸೆದು ತವರಿಗೆ ಓಡಿದಳು. ವಾಪಸು ಬರುವಷ್ಟರಲ್ಲಿ ತಟ್ಟೆ ತಟ್ಟೆಯೇ ಹಾಲುತೊಂಡೆ ರೋಗ ಬಂದು ಹುಳಗಳ ಮೈ ಉಬ್ಬಿ ಒಡೆದು ಹೋಗಿತ್ತು. ರೋಗ ಆ ಸಲ ಅರ್ಧ ಊರಿಗೆ ಬಂದಿತ್ತು, ಅದು ಬೇರೆ ಮಾತು. ಜನ ಬೊಟ್ಟು ಮಾಡಿದ್ದು ಇವಳ ಕಡೆಗೆ. ಕೆಂಚಮ್ಮ ಒಂದು ಮಾತೂ ಆಡದೆ ಸತ್ತ ಹುಳಗಳನ್ನು ಮಂಕರಿಯಲ್ಲಿ ತುಂಬಿ ಗುಂಡಿಗೆ ಹೊತ್ತಳು. ಆ ಮೌನವೇ ಪ್ರತಿಮಾಳನ್ನು ಸುಟ್ಟಿತು. ಅವತ್ತು ಸಂಜೆ ಅವಳೇ ಅತ್ತೆಯ ಮುಂದೆ ನಿಂತು ಹೇಳಿದಳು: "ಇನ್ಮೇಲೆ ಹುಳ ಮೇಲಿರೋವಾಗ ಯಾವ ಕೆಟ್ ಸುದ್ದಿನೂ ನನ್ ಕಿವಿಗಾಕ್ಬ್ಯಾಡಿ ಅತ್ತೆ. ಏನೇ ಆಗ್ಲಿ. ಹಣ್ಣಾದ್ ಮೇಲೆ ಹೇಳಿ."

ಕೆಂಚಮ್ಮ ತಲೆಯಾಡಿಸಿದಳು. ಬೇರೆಯವರಾಗಿದ್ದರೆ ಆ ಮಾತನ್ನು ಮರೆಯುತ್ತಿದ್ದರೋ ಏನೋ. ಅವಳು ಮರೆಯುವ ಹೆಂಗಸಾಗಿರಲಿಲ್ಲ.

ಆ ವರ್ಷದ ಕೊನೆಗೆ ಲೋಕೇಶ ರಜದ ಮೇಲೆ ಬಂದಿದ್ದ. ದಿಲ್ಲಿಯಲ್ಲಿ ಪಾರ್ಲಿಮೆಂಟಿಗೆ ನುಗ್ಗಿ ಗುಂಡು ಹಾರಿಸಿದರು ಎಂದು ಟೀವಿಯಲ್ಲಿ ಬಂತು. ಅದರ ಹಿಂದೆಯೇ ರಜ ರದ್ದಾಗಿದೆ, ಹೊರಡು ಎಂದು ತಂತಿ ಬಂತು. ಚನ್ನಪಟ್ಟಣದ ರೈಲ್ವೆ ಸ್ಟೇಷನ್ನಿಗೆ ಪ್ರತಿಮಾ ಒಬ್ಬಳೇ ಬಿಡಲು ಹೋಗಿದ್ದಳು. ಗಾಡಿ ತಡವಾಗಿತ್ತು. ಹಿಂದೊಮ್ಮೆ ಅಸ್ಸಾಮಿನ ಕಡೆ ಇದ್ದಾಗ ತನಗೆ ಕಾಮಾಲೆ ಆಗಿದ್ದನ್ನು ಅವನು ಮೊದಲ ಸಲ ಬಿಡಿಸಿ ಹೇಳಿದ. ತಿಂಗಳಾನುಗಟ್ಟಲೆ ಆಸ್ಪತ್ರೆಯಲ್ಲಿ ಬಿದ್ದಿದ್ದನಂತೆ. ಅಕ್ಕಪಕ್ಕದವರ ಹೆಂಡಿರು ಬಂದು ತಲೆ ನೇವರಿಸುತ್ತಿದ್ದರೆ ಇವನು ಗೋಡೆ ಕಡೆ ತಿರುಗಿಕೊಂಡು ಮಲಗುತ್ತಿದ್ದನಂತೆ.

"ನಂಗೇನಾದ್ರೂ ಆದ್ರೆ ನೀನೇ ಬರ್ಬೇಕು ಕಣೆ," ಅಂದ. "ಅವ್ವನ್ನ ಕಳಿಸ್ಬೇಡ. ಅವ್ಳು ಅತ್ತು ನನ್ನೂ ಅಳಿಸ್ತಾಳೆ. ನೀನ್ ಬಾ."

"ಬುಡ್ತು ಅನ್ನಿ. ಏನೂ ಆಗಕಿಲ್ಲ."

"ಬತ್ತೀಯೋ ಇಲ್ವೋ ಅದೇಳು."

"ಬತ್ತೀನಿ," ಅಂದಳು ಪ್ರತಿಮಾ. "ಎಲ್ಲಿದ್ರೂ ಬತ್ತೀನಿ."

ಅವನದು ಮೈನ್ ಹೂಳುವ ದಳ. ಗಡಿಯ ಉದ್ದಕ್ಕೂ ಹೊಲಗಳಲ್ಲಿ ಬಾಂಬು ಹೂತು ಬೇಲಿ ಕಟ್ಟುವ ಕೆಲಸ. ಅದನ್ನು ಅವನು ಮನೆಯಲ್ಲಿ ಹೇಳಿರಲಿಲ್ಲ, ಪ್ರತಿಮಾ ಕೆದಕಿ ಕೆದಕಿ ತೆಗೆದಿದ್ದು. ಭಾನುವಾರ ಸಂಜೆ ಚೆಲುವಯ್ಯನ ಅಂಗಡಿಗೆ ಫೋನ್ ಬರುತ್ತಿತ್ತು. ಆ ಬೀದಿಯ ಎಲ್ಲರ ನೆಂಟರಿಷ್ಟರ ಕೈಯಲ್ಲೂ ಇದ್ದ ಪೀಪೀ ನಂಬರು ಅದೊಂದೇ. ಫೋನ್ ಬಂದರೆ ಚೆಲುವಯ್ಯ ಅಂಗಡಿ ಕಟ್ಟೆಯ ಮೇಲೆ ನಿಂತು ಕೂಗುತ್ತಿದ್ದ, ಅವನ ಹೆಂಡತಿ ಸರಸಮ್ಮ ಅಕ್ಕಿ ಆರಿಸುವ ನೆಪದಲ್ಲಿ ಅಲ್ಲೇ ಕೂತು ಒಂದಕ್ಷರ ಬಿಡದೆ ಕೇಳಿಸಿಕೊಳ್ಳುತ್ತಿದ್ದಳು. ಗಂಡ ಹೆಂಡಿರ ಮಾತಿಗೆ ಇಡೀ ಅಂಗಡಿ ಸಾಕ್ಷಿ. ಹಾಗಾಗಿ ಪ್ರತಿಮಾ ಕೇಳಬೇಕೆಂದುಕೊಂಡದ್ದನ್ನು ಬಿಟ್ಟು ಬೇರೆಲ್ಲವನ್ನೂ ಕೇಳುತ್ತಿದ್ದಳು.

"ಯಾರ್ ಹೊಲ ಅದು, ನೀವು ಅಗೀತಿರೋದು?"

"ರೈತ್ರುದು. ಇನ್ಯಾರ್ದು."

"ಅವ್ರೆಲ್ಲೋದ್ರು?"

"ಟ್ರ್ಯಾಕ್ಟರ್ ಮೇಲೆ ಮಂಚ, ಪಾತ್ರೆ ಎಲ್ಲ ಏರ್ಕಂಡು ಹೋದ್ರು. ಗೋಧಿ ಮೊಣಕಾಲುದ್ದ ಐತೆ. ಅದ್ರೊಳಗೇ ಹೂಳ್ತಾ ಇದೀವಿ."

ಬೆಳೆ ನಿಂತ ಹೊಲದೊಳಗೆ ಸಾವನ್ನು ಹೂಳುವುದು ರೈತನ ಮಗಳಾದ ಅವಳಿಗೆ ಸಹ್ಯವಾಗಲಿಲ್ಲ. ಇದು ಒಳ್ಳೆಯದಕ್ಕಲ್ಲ ಎಂದು ಮನಸ್ಸಿಗೆ ಬಂತು. ಬಂದದ್ದನ್ನು ಯಾರಿಗೂ ಹೇಳಲಿಲ್ಲ.

ಆ ವರ್ಷವನ್ನು ಅವಳು ಹೇಗೆ ನೂಕಿದಳು ಎಂದರೆ, ಹುಳದ ಜೊತೆ ನೂಕಿದಳು. ಬೆಳೆಯ ಹಿಂದೆ ಬೆಳೆ ಎಬ್ಬಿಸಿದಳು. ಒಂದು ಬೆಳೆಯ ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋದ ಮಾರನೇ ದಿನವೇ ಹುಳದ ಮನೆ ತೊಳೆದು ಮುಂದಿನ ಬೆಳೆಯ ಮರಿಹುಳಕ್ಕೆ ಹೇಳಿ ಬರುತ್ತಿದ್ದಳು. ಮಧ್ಯೆ ಹುಳ ಇಲ್ಲದ ದಿನಗಳೆಂದರೆ ಅವಳಿಗೆ ಭಯ. ಆಗ ಯುದ್ಧದ ಸುದ್ದಿ ತಲೆಯೊಳಗೆ ನುಗ್ಗುತ್ತಿತ್ತು. ಚೆಲುವಯ್ಯನ ಮನೆ ಟೀವಿಯಲ್ಲಿ ಟ್ಯಾಂಕುಗಳು ಮರಳಿನಲ್ಲಿ ಹೋಗುತ್ತಿದ್ದರೆ ನೋಡುತ್ತಿದ್ದವರು ಇವಳ ಕಡೆ ತಿರುಗಿ, "ನಿನ್ ಗಂಡ ಕಂಡ್ನಾ ನೋಡಮ್ಮಿ," ಎಂದು ರೇಗಿಸುತ್ತಿದ್ದರು. ಅವಳು ನಗುತ್ತಿದ್ದಳು. ಪೋಸ್ಟಿನವನ ಸೈಕಲ್ಲು ಬೀದಿಯ ತಿರುವಿನಲ್ಲಿ ಕಂಡರೆ ಹಿತ್ತಲಿಗೆ ಹೋಗಿಬಿಡುತ್ತಿದ್ದಳು, ಅವನು ದಾಟಿಹೋದ ಮೇಲೆ ಬರುತ್ತಿದ್ದಳು. ಅತ್ತೆಯೂ ಒಳಗೊಳಗೇ ಬೇಯುತ್ತಿದ್ದಳು. ಇಬ್ಬರೂ ಒಂದೇ ಚಾಪೆಯ ಎರಡು ಅಂಚಿನಲ್ಲಿ ಮಗುವನ್ನು ನಡುವೆ ಹಾಕಿಕೊಂಡು ಮಲಗುತ್ತಿದ್ದರು, ಅವನ ಮಾತು ಮಾತ್ರ ಎತ್ತುತ್ತಿರಲಿಲ್ಲ. ಎತ್ತಿದರೆ ಇಬ್ಬರಲ್ಲಿ ಒಬ್ಬರು ಅಳುತ್ತಾರೆ, ಬೆಳಿಗ್ಗೆ ಸೊಪ್ಪಿಗೆ ಹೋಗಬೇಕಲ್ಲ.

ಮಳೆಗಾಲ ಕಳೆದು, ಯುದ್ಧ ಇಲ್ಲ, ಸೈನ್ಯ ವಾಪಸು ಬರುತ್ತದೆ ಎಂದು ಟೀವಿಯಲ್ಲಿ ಹೇಳಿದರು. ಚೆಲುವಯ್ಯ ಅವತ್ತು ಅಂಗಡಿಯ ಬರಣಿಯಿಂದ ತೆಗೆದು ಬೀದಿಗೆಲ್ಲ ಕೊಬ್ಬರಿ ಮಿಠಾಯಿ ಹಂಚಿದ. ಕೆಂಚಮ್ಮ ದೇವರಿಗೆ ಮೊಸರನ್ನದ ಎಡೆ ಇಟ್ಟಳು. ಭಾನುವಾರ ಫೋನ್ ಬಂತು. ಪ್ರತಿಮಾ ಯಾವಾಗ ಬತ್ತೀರಾ ಎಂದು ಕೇಳಿದಳು. ಲೋಕೇಶ ಬರುವ ದಿನ ಹೇಳಲಿಲ್ಲ.

"ಬೇರೇರೆಲ್ಲ ಹೊಂಟವ್ರೆ. ಹೂತಿದ್ದುನ್ನ ತೆಗೀಬೇಕಲ್ಲ, ಅದ್ಕೆ ನಮ್ಮುನ್ನ ಇಟ್ಕಂಡವ್ರೆ. ಮಳೆಗೆ ಒಂದೊಂದು ಇದ್ದ ಜಾಗ ಬುಟ್ಟು ಸರ್ದವೆ. ಒಸಿ ತಡ ಆಯ್ತದೆ."

ಯುದ್ಧ ನಡೆಯದೇ ಮುಗಿದದ್ದಕ್ಕೆ ದೇಶವೆಲ್ಲ ಉಸಿರು ಬಿಟ್ಟಾಗ ಪ್ರತಿಮಾ ಉಸಿರು ಹಿಡಿದುಕೊಂಡಳು. ಅವಳ ಭಯವನ್ನು ಕೇಳುವ ವ್ಯವಧಾನವೂ ಯಾರಿಗೂ ಉಳಿದಿರಲಿಲ್ಲ. ಎಲ್ಲ ಮುಗೀತಲ್ಲವ್ವ, ಇನ್ನೇನು ನಿಂದು, ಅನ್ನುತ್ತಿದ್ದರು.

ಸಂಕ್ರಾಂತಿ ಕಳೆದು ಒಂದು ವಾರ ಆಗಿರಬಹುದು. ಹುಳ ನಾಲ್ಕನೇ ಜ್ವರ ಎದ್ದಿದ್ದವು. ಅಂಥ ಹುಳ ಆ ಮನೆಯಲ್ಲಿ ಯಾವತ್ತೂ ಎದ್ದಿರಲಿಲ್ಲ, ಒಂದೇ ಅಳತೆ, ಒಂದೇ ಬಣ್ಣ. ಪ್ರತಿಮಾ ಒಳಗೆ ಸೊಪ್ಪು ಹಾಕುತ್ತಿದ್ದಳು. ಮಧ್ಯಾಹ್ನ ಚೆಲುವಯ್ಯ ಪಂಚೆ ಎತ್ತಿಕಟ್ಟಿ ಓಡುತ್ತಾ ಬಂದ. ಕೆಂಚಮ್ಮ ಜಗಲಿಯ ಮೇಲೆ ಕೂತಿದ್ದಳು. ಅವನ ಮುಖ ನೋಡಿದವಳೇ ಎದ್ದು ಅವನ ಕೈ ಹಿಡಿದು ಬೀದಿಯ ಆಚೆಗೆ ಎಳೆದುಕೊಂಡು ಹೋದಳು. ಇದೆಲ್ಲ ಪ್ರತಿಮಾಗೆ ತಿಳಿದದ್ದು ಆಮೇಲೆ, ಒಬ್ಬೊಬ್ಬರ ಬಾಯಿಂದ ಒಂದೊಂದು ತುಂಡಾಗಿ.

"ಜೀವಕ್ಕೇನಿಲ್ವಾ, ಅದೇಳು ಮೊದ್ಲು," ಅಂದಳಂತೆ ಕೆಂಚಮ್ಮ.

"ಜೀವಕ್ಕೇನಿಲ್ಲ ಅಂದ್ರು ಕಣಕ್ಕ. ಕಾಲಿಗೆ ಪೆಟ್ಟಂತೆ. ಮಿಲ್ಟ್ರಿ ಆಸ್ಪತ್ರೆಲವ್ನಂತೆ. ಹೆಂಡ್ತಿ ಕಳಿಸಿ ಅಂತಾವ್ನಂತೆ."

ಕೆಂಚಮ್ಮ ಅಲ್ಲೇ ಕಲ್ಲಿನ ಮೇಲೆ ಕುಸಿದು ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳಂತೆ. ಅತ್ತು ಮುಗಿಸಿ ಕಣ್ಣೊರೆಸಿಕೊಂಡು ಅಂದಳಂತೆ: "ಜೀವಕ್ಕೇನಿಲ್ವಲ್ಲ. ಹುಳ ಹಣ್ಣಾಗ್ಲಿ. ಅವ್ಳೇ ಹೇಳವ್ಳೆ, ಹೇಳ್ಬ್ಯಾಡಿ ಅಂತ. ಯಾರೂ ಬಾಯ್ ಬುಡ್ಬ್ಯಾಡಿ."

ಕಾಲಿಗೆ ಪೆಟ್ಟು ಎಂದರೆ ಅವಳು ಮುಳ್ಳು ತುಳಿದ ಹಾಗೆ, ಎತ್ತು ಮೆಟ್ಟಿದ ಹಾಗೆ ಏನೋ ಅಂದುಕೊಂಡಿರಬೇಕು. ಪಾದವೇ ಇಲ್ಲ ಎಂದು ಅವಳ ತಲೆಗೆ ಬಂದಿರಲಾರದು. ಇಷ್ಟನ್ನಾದರೂ ಆ ಮುದುಕಿಯ ಪರವಾಗಿ ಹೇಳಲೇಬೇಕು. ಮಾರನೇ ದಿನ ಆಸ್ಪತ್ರೆಯ ಆಫೀಸಿನಿಂದ ಮತ್ತೆ ಫೋನ್ ಬಂತು, ಹೆಂಡತಿ ಹೊರಟರಾ ಎಂದು. ಚೆಲುವಯ್ಯ ತೊದಲಿದ. ತೊದಲಿ ಕೊನೆಗೆ, "ಹೇಳಿದೀವಿ ಸಾರ್. ಹುಳ ಐತೆ ಮನೇಲಿ. ಅದು ಮುಗುದ್ ತಕ್ಷಣ ಬತ್ತಾರೆ," ಎಂದುಬಿಟ್ಟ. ತಂಟೆ ಬೇಡ ಎಂದು ಆಡಿದ ಮಾತು. ಅದು ಅಷ್ಟು ದೂರ ಹೋಗಿ ಯಾರ ಕಿವಿಗೆ ಬೀಳುತ್ತದೆ ಎಂದು ಅವನು ಯೋಚಿಸಲಿಲ್ಲ.

ಆ ವಾರ ಪ್ರತಿಮಾಗೆ ಊರೇ ಹೊಸದಾಗಿ ಕಂಡಿತು. ಕರೆಯದೇ ಜನ ಬಂದರು. ಗಂಡಸರು ತೋಟದಿಂದ ಸೊಪ್ಪು ಕೊಯ್ದು ಬಾಗಿಲಿಗೆ ತಂದು ಹಾಕಿದರು. ಸರಸಮ್ಮ ನವ್ಯಶ್ರೀಯನ್ನು ತನ್ನ ಮನೆಯಲ್ಲೇ ಇಟ್ಟುಕೊಂಡು ಉಣ್ಣಿಸಿ ಮಲಗಿಸಿದಳು, ಪ್ರತಿಮಾ ಎದುರಾದರೆ ಮಾತ್ರ ಕಣ್ಣು ತಪ್ಪಿಸಿ ಮಗುವಿನ ತಲೆ ಸವರುತ್ತಿದ್ದಳು. ಭಾನುವಾರ ಫೋನ್ ಬರಲಿಲ್ಲ. "ಲೈನ್ ಕೆಟ್ಟದಂತೆ," ಅಂದಳು ಕೆಂಚಮ್ಮ, ಸೊಪ್ಪಿನ ಕಡೆ ನೋಡುತ್ತಾ. ಹುಳ ಹಣ್ಣಾಗತೊಡಗಿದಾಗಲಂತೂ ಬೀದಿಯ ಹೆಂಗಸರೆಲ್ಲ ಕೈ ಕಾಲು ತೊಳೆದು ಬಂದು ಸಾಲಾಗಿ ಕೂತು ಹುಳ ಆರಿಸಿದರು. ಸಾಮಾನ್ಯವಾಗಿ ಆ ಕೆಲಸದ ಹೊತ್ತಿನಲ್ಲಿ ಇರುವ ಹರಟೆ, ನಗು ಏನೂ ಇರಲಿಲ್ಲ. ಪ್ರತಿಮಾಳ ಎದೆ ತುಂಬಿಬಂದಿತ್ತು. ಗಂಡ ಮನೆಯಲ್ಲಿಲ್ಲದವಳಿಗೆ ಊರೇ ಒದಗಿತಲ್ಲ, ಅವರು ಬಂದ ಮೇಲೆ ಹೇಳಬೇಕು ಎಂದು ಮನಸ್ಸಿನಲ್ಲೇ ಅಂದುಕೊಂಡಳು. ಆ ಸಂತೋಷವನ್ನು ಆಮೇಲೆ ನೆನೆಸಿಕೊಂಡಾಗಲೆಲ್ಲ ಅವಳಿಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು.

ಕೊನೆಯ ಹುಳವನ್ನು ಚಂದ್ರಿಕೆಗೆ ಬಿಟ್ಟಾದ ಮೇಲೆ ಕೆಂಚಮ್ಮ ಅವಳನ್ನು ಹಿತ್ತಲಿಗೆ ಕರೆದು ಹೇಳಿದಳು. ಪ್ರತಿಮಾ ಕೂಗಾಡಲಿಲ್ಲ. "ಯಾವತ್ತು ಬಂತು ಫೋನು?" ಎಂದು ಕೇಳಿದಳು. ಕೆಂಚಮ್ಮ ಹೇಳಿದಳು. ಅವಳು ಒಳಗೆ ಹೋಗಿ ಸೀರೆ ಬದಲಾಯಿಸಿ, ಕೈಚೀಲಕ್ಕೆ ಸಿಕ್ಕಿದ್ದು ತುರುಕಿ, ಲೋಕೇಶನ ಸೋದರಮಾವನ ಮಗ ಜಯಕುಮಾರನನ್ನು ಜೊತೆಗೆ ಕರೆದುಕೊಂಡು ಹೊರಟಳು. ರೈಲಿನಲ್ಲಿ ಹಗಲೂ ರಾತ್ರಿ ಕಿಟಕಿ ಪಕ್ಕ ಕೂತೇ ಇದ್ದಳು. ಜಯಕುಮಾರ ಟೀ ತಂದುಕೊಟ್ಟರೆ ಕೈಯಲ್ಲಿ ಹಿಡಿದುಕೊಂಡೇ ಇರುತ್ತಿದ್ದಳು, ಆರಿಹೋದ ಮೇಲೆ ಅವನೇ ಇಸಿದುಕೊಂಡು ಚೆಲ್ಲುತ್ತಿದ್ದ.

ಆಸ್ಪತ್ರೆಯಲ್ಲಿ ಲೋಕೇಶ ಗೋಡೆ ಕಡೆ ತಿರುಗಿ ಮಲಗಿದ್ದ. ಹೊದಿಕೆಯ ಕೆಳಗೆ ಬಲಗಾಲು ತೊಡೆಯ ಅರ್ಧಕ್ಕೇ ಮುಗಿದಿತ್ತು. ಪಕ್ಕದ ಹಾಸಿಗೆಯಲ್ಲಿದ್ದ ಹಾಸನದ ಕಡೆಯ ಸೈನಿಕ ಅವಳನ್ನು ವರಾಂಡಕ್ಕೆ ಕರೆದು ಹೇಳಿದ. ಜಾಗ ಬಿಟ್ಟು ಸರಿದಿದ್ದ ಮೈನೊಂದು ಸಿಡಿದು ಮೊದಲು ಹೋಗಿದ್ದು ಪಾದ ಮಾತ್ರವಂತೆ. ಗಾಯ ಕೆಟ್ಟಿದೆ, ಮೊಣಕಾಲಿನ ಕೆಳಗೆ ತೆಗೆಯಬೇಕು ಎಂದು ಡಾಕ್ಟರು ಅಂದರಂತೆ. ನನ್ನ ಹೆಂಡತಿ ಬರಲಿ, ಅವಳ ಮುಖ ನೋಡಿ ಒಪ್ಪುತ್ತೇನೆ ಎಂದು ಇವನು ಹಟ ಹಿಡಿದು ಮುಂದಕ್ಕೆ ಹಾಕಿದನಂತೆ. ಹುಳ ಇದೆ, ಮುಗಿದ ಮೇಲೆ ಬರುತ್ತಾರಂತೆ ಎಂದು ಆಫೀಸಿನಿಂದ ಬಂದು ಹೇಳಿದಾಗ, ಏನು ಬೇಕಾದರೂ ಮಾಡಿಕೊಳ್ಳಿ ಎಂದನಂತೆ. ಅಷ್ಟರಲ್ಲಿ ವಿಷ ಮೇಲೇರಿತ್ತು.

ಪ್ರತಿಮಾ ಒಳಗೆ ಬಂದು ಹಾಸಿಗೆಯ ಪಕ್ಕ ನಿಂತಳು. ಅವನು ತಿರುಗಿ ನೋಡಿದ.

"ಹುಳ ಹಣ್ಣಾದ್ವಾ?" ಎಂದು ಕೇಳಿದ.

"ನಂಗೊತ್ತಿರ್ಲಿಲ್ಲ ಕಣ್ರೀ. ಯಾರೂ ಹೇಳ್ಲಿಲ್ಲ ನಂಗೆ. ಮಗಿನ ಮೇಲಾಣೆ."

"ಮಗಿನ ಮೇಲೆ ಆಣೆ ಇಡ್ಬ್ಯಾಡ," ಅಂದ ಅವನು. "ಅಂಗ್ಡಿಗೆ ಫೋನ್ ಬಂದ್ರೆ ಇಡೀ ಬೀದಿಗೆ ಗೊತ್ತಾಯ್ತದೆ. ನಿನಗೊಬ್ಳಿಗೇ ಗೊತ್ತಿರ್ಲಿಲ್ವಾ?"

ಯಾರಾದರೂ ಕೇಳುವ ಪ್ರಶ್ನೆಯೇ ಅದು. ನಾನೇ ಕೆಟ್ಟ ಸುದ್ದಿ ಹೇಳಬೇಡಿ ಅಂದಿದ್ದೆ ಎಂದರೆ ಇನ್ನೂ ಕೆಟ್ಟದಾಗಿ ಕೇಳಿಸುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಮರದ ಕಾಲು ಕಟ್ಟಿಸಿಕೊಂಡು, ಪೆನ್ಷನ್ ಮಾಡಿಸಿಕೊಂಡು ಲೋಕೇಶ ಊರಿಗೆ ಬಂದದ್ದು ಮುಂದಿನ ಮಳೆಗಾಲಕ್ಕೆ. ಜನ ಹಾರ ಹಾಕಿದರು. ಅವರೆಲ್ಲ ಹೋದ ಮೇಲೆ ಅವನು ಹೆಂಡತಿಯ ಎದುರಿಗೇ ತಾಯಿಯನ್ನು ಕೇಳಿದ: "ಅವ್ವ, ಫೋನ್ ಬಂದಾಗ ಇವಳ್ಗೆ ಹೇಳ್ದಾ ನೀನು?"

ಕೆಂಚಮ್ಮ ಮಗನ ಕಾಲು ನೋಡಿದಳು, ಸೊಸೆಯ ಮುಖ ನೋಡಿದಳು. "ಹೇಳ್ದೆ ಕಣಪ್ಪ," ಅಂದಳು. "ಹುಳ ಬುಟ್ಟು ಹೆಂಗೋಗ್ಲಿ ಅಂದ್ಲು."

"ಅತ್ತೆ," ಅಂದಳು ಪ್ರತಿಮಾ. "ದೇವರ್ ಮುಂದೆ ಬಂದು ಹೇಳಿ ಇದ್ನ."

ಕೆಂಚಮ್ಮ ಒಲೆಯ ಮೇಲೆ ಹಾಲಿದೆ ಎಂದು ಒಳಗೆ ಹೋದಳು. ಒಲೆಯ ಮೇಲೆ ಹಾಲಿರಲಿಲ್ಲ. ಗಂಡನನ್ನು ಕಳೆದುಕೊಂಡವಳು, ಈಗ ಮಗನನ್ನೂ ಕಳೆದುಕೊಳ್ಳುವ ಭಯಕ್ಕೆ ಸೊಸೆಯನ್ನು ಬಾವಿಗೆ ನೂಕಿದಳು. ನೂಕಿದವಳಿಗೂ ನಿದ್ದೆ ಬಂದಿರಲಿಕ್ಕಿಲ್ಲ. ಬರದೇ ಇದ್ದರೆ ಒಳ್ಳೆಯದೇ ಆಯಿತು.

ಆಮೇಲೆ ಆ ಮನೆಯಲ್ಲಿ ಹುಳ ಸಾಕಲಿಲ್ಲ. ಪ್ರತಿಮಾ ತಟ್ಟೆ, ಚಂದ್ರಿಕೆ ಎಲ್ಲವನ್ನೂ ಕೇಳಿದವರಿಗೆ ಕೊಟ್ಟುಬಿಟ್ಟಳು. ಆಗ ಮೈಸೂರು ರಸ್ತೆಯ ಉದ್ದಕ್ಕೂ ಫ್ಯಾಕ್ಟರಿಗಳು ಏಳುತ್ತಿದ್ದವು. ರಾಮನಗರದ ಹೊರಗೆ ಹೊಸದಾಗಿ ಆಗಿದ್ದ ಗಾರ್ಮೆಂಟ್ಸಿಗೆ ಹಳ್ಳಿಗಳಿಂದ ಹೆಂಗಸರನ್ನು ತುಂಬಿಕೊಂಡು ಹೋಗಲು ವ್ಯಾನು ಬರುತ್ತಿತ್ತು. ಅವಳು ಅದನ್ನು ಹತ್ತಿದಳು. ಲೋಕೇಶನಿಗೆ ಬಿಡದಿಯ ಒಂದು ಕಾರ್ಖಾನೆಯ ಗೇಟಿನಲ್ಲಿ ಸೆಕ್ಯೂರಿಟಿ ಕೆಲಸ ಸಿಕ್ಕಿತು, ಕುರ್ಚಿಯ ಮೇಲೆ ಕೂತು ಲಾರಿಗಳ ನಂಬರು ನೋಡುವುದು. ಅವನು ಕುಡಿಯಲಿಲ್ಲ, ಹೊಡೆಯಲಿಲ್ಲ. ಮಾತಾಡಿಸಿದರೆ ಮಾತಾಡುತ್ತಿದ್ದ. ಉಪ್ಪು ಕಡಿಮೆಯಾದರೆ ಹೇಳುತ್ತಿರಲಿಲ್ಲ, ಎದ್ದು ಹೋಗಿ ತಾನೇ ಹಾಕಿಕೊಳ್ಳುತ್ತಿದ್ದ. ಜ್ವರ ಬಂದರೆ ತಾಯಿಯನ್ನು ಕರೆಯುತ್ತಿದ್ದ. ಅದು ಪ್ರತಿಮಾಗೆ ಹೊಡೆತಕ್ಕಿಂತ ಹೆಚ್ಚಾಗಿತ್ತು. ಬಟ್ಟೆ ಹೊಲಿಯುವ ಮೆಷಿನ್ನಿನ ಮುಂದೆ ಕೂತು ಅವಳು ದಿನವೂ ಒಂದೇ ವಾದವನ್ನು ಹೊಸ ಹೊಸ ಮಾತಿನಲ್ಲಿ ಕಟ್ಟುತ್ತಿದ್ದಳು, ಇವತ್ತು ಹೀಗೆ ಹೇಳಿದರೆ ನಂಬುತ್ತಾರೆ ಎಂದು. ಸಂಜೆ ಅವನ ಮುಖ ನೋಡಿದ ಮೇಲೆ ನಾಲಗೆ ಏಳುತ್ತಿರಲಿಲ್ಲ. ಚೆಲುವಯ್ಯನಿಂದ ಹೇಳಿಸೋಣವೆಂದರೆ ಹೆತ್ತ ತಾಯಿಯ ಮಾತಿನ ಮುಂದೆ ಬೀದಿಯವರ ಸಾಕ್ಷಿ ನಿಲ್ಲುವುದಿಲ್ಲ ಅನ್ನಿಸುತ್ತಿತ್ತು. ಹೆಂಡತಿ ಅಂದಮೇಲೆ ಇವತ್ತಲ್ಲ ನಾಳೆ ತಿಳಿದೇ ತಿಳಿಯುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ನಿಜ ಗೊತ್ತಾದ ದಿನ ಅವರು ಮೊದಲಿನ ಹಾಗೆ ಆಗುತ್ತಾರೆ ಎಂಬುದರ ಮೇಲೆ ಅವಳ ಜೀವ ನಿಂತಿತ್ತು.

ಎರಡು ಸಾವಿರದ ಎಂಟರಲ್ಲಿ ಕೆಂಚಮ್ಮನ ಹೊಟ್ಟೆಯಲ್ಲಿ ಗಡ್ಡೆ ಬೆಳೆಯಿತು. ಬೆಂಗಳೂರಿಗೆ ತೋರಿಸಿ, ಮನೆಗೆ ಕರೆದುಕೊಂಡು ಹೋಗಿ ಅಂದರು. ಪ್ರತಿಮಾ ರಜ ಹಾಕಿ ಅವಳ ಉಚ್ಚೆ ಹೇಲು ಬಳಿದಳು, ಗಂಜಿ ಕುಡಿಸಿದಳು. ಪ್ರೀತಿಯಿಂದ ಮಾಡಿದಳು ಎಂದರೆ ಸುಳ್ಳಾಗುತ್ತದೆ. ಆ ಬಾಯಿಯಲ್ಲಿ ಇನ್ನೂ ಒಂದು ಮಾತು ಉಳಿದಿತ್ತು, ಅದು ಹೊರಗೆ ಬರುವ ತನಕ ಮುದುಕಿ ಬದುಕಬೇಕಿತ್ತು.

ಒಂದು ಭಾನುವಾರ ಬೆಳಿಗ್ಗೆ ಪ್ರತಿಮಾ ಗಂಜಿಯ ಬಟ್ಟಲು ಹಿಡಿದು ಬಂದಾಗ ಕೆಂಚಮ್ಮ ಅವಳ ಮುಂಗೈ ಹಿಡಿದುಕೊಂಡಳು. "ಅವ್ನ ಕರಿಯವ್ವ," ಅಂದಳು. "ಹೇಳ್ಬುಡ್ತೀನಿ. ನಂಗೆ ಪ್ರಾಣ ಹೋಯ್ತಿಲ್ಲ."

ಲೋಕೇಶ ಬಂದು ಮರದ ಕಾಲನ್ನು ಉದ್ದಕ್ಕೆ ಚಾಚಿ ಗೋಡೆಗೆ ಒರಗಿ ನೆಲದ ಮೇಲೆ ಕೂತ. ಪ್ರತಿಮಾ ಬಟ್ಟಲು ಹಿಡಿದೇ ನಿಂತಿದ್ದಳು.

"ಅವತ್ತು ನಾನು ಇವಳ್ಗೆ ಹೇಳ್ಲಿಲ್ಲ ಕಣ್ಲಾ ಲೋಕ," ಅಂದಳು ಕೆಂಚಮ್ಮ. ಒಂದೊಂದು ಮಾತಿಗೂ ಉಸಿರು ಎಳೆದುಕೊಂಡಳು. "ಹೇಳ್ದೆ ಅಂದಿದ್ದು ಸುಳ್ಳು. ಇವಳ್ಗೇನೂ ಗೊತ್ತಿರ್ಲಿಲ್ಲ. ಬಂದ್ ಬಂದ್ ಕೆಲ್ಸ ಮಾಡುದ್ರು ಎಲ್ಲಾರೂ, ಇವ್ಳು ಖುಸಿಯಾಗಿದ್ಲು. ನಾನ್ ನೋಡ್ತಿದ್ದೆ."

ಪ್ರತಿಮಾ ಗಂಡನ ಮುಖ ನೋಡಿದಳು. ಐದು ವರ್ಷ ಅವಳು ನೋಡಲು ಕಾದಿದ್ದ ಮುಖ.

ಲೋಕೇಶ ತಲೆ ಎತ್ತಲಿಲ್ಲ. "ಗೊತ್ತು ಕಣವ್ವ," ಅಂದ. "ನಾನ್ ಬಂದ ವರ್ಸವೇ ಅಂಗ್ಡಿ ಚೆಲುವಣ್ಣ ಎಲ್ಲಾನೂ ಹೇಳಿದ್ದ. ಅತ್ಬುಟ್ಟ ಪಾಪ. ಈಗ್ಯಾಕೆ ಅದೆಲ್ಲ, ಮನಿಕ್ಕೊ ನೀನು."

ಕೆಂಚಮ್ಮ ಕಣ್ಣು ಮುಚ್ಚಿದಳು. ಎರಡೂ ಕಣ್ಣಿನ ಅಂಚಿನಿಂದ ನೀರು ಇಳಿಯಿತು, ಅವಳಿಗೆ ಹಗುರಾಗಿತ್ತು. ಪ್ರತಿಮಾ ಗಂಡನ ಕಡೆಗೆ ಒಂದು ಹೆಜ್ಜೆ ಬಂದಳು.

"ಬಂದ ವರ್ಸವೇ ಗೊತ್ತಾಗಿತ್ತಾ ನಿಮ್ಗೆ?" ಎಂದು ಕೇಳಿದಳು.

"ಊಂ."

"ಗೊತ್ತಿದ್ದೂ ಇಷ್ಟ್ ವರ್ಸ ನಂಗೊಂದ್ ಮಾತು ಹೇಳ್ಲಿಲ್ವಾ?"

ಲೋಕೇಶ ತಾಯಿಯ ಕಡೆ ನೋಡಿ ದನಿ ತಗ್ಗಿಸಿದ. "ಹೇಳುದ್ರೆ ಅವ್ವನ ಮುಖ ನೋಡಾಕಾಯ್ತಿರ್ಲಿಲ್ಲ ಕಣೆ. ಅವ್ಳಿಗೆ ನಾನೊಬ್ನೇ. ಕಾಲ್ ಹೋದ ಸಿಟ್ಟು ಯಾರ್ ಮೇಲಾದ್ರೂ ಹಾಕ್ಬೇಕಿತ್ತು. ನೀನು ತಡ್ಕತೀಯ ಅಂದ್ಕಂಡೆ."

"ತಡ್ಕಂಡೆ," ಅಂದಳು ಪ್ರತಿಮಾ.

ಅವನು ಎದ್ದೇಳಲು ಎಂದಿನಂತೆ ಅವಳ ಭುಜಕ್ಕೆ ಕೈ ನೀಡಿದ. ನೆಲದಿಂದ ಏಳಬೇಕಾದರೆ ಅವನಿಗೆ ಯಾರಾದರೂ ಆನಿಕೆಯಾಗಬೇಕು. ಊರಿಗೆ ಬಂದ ದಿನದಿಂದ ಅವಳೇ ಆಗುತ್ತಿದ್ದಳು, ಮಾತಿಲ್ಲದ ದಿನಗಳಲ್ಲೂ. ಅವಳು ಅವನನ್ನು ಬಳಸಿಕೊಂಡು ಮುಂದೆ ಹೋಗಿ ಕೆಂಚಮ್ಮನ ತಲೆಯ ಹತ್ತಿರ ಕೂತಳು. ಚಮಚದಲ್ಲಿ ಗಂಜಿ ತೆಗೆದು ಅವಳ ತುಟಿಗೆ ಹಿಡಿದಳು. ಐದು ವರ್ಷದಲ್ಲಿ ಅತ್ತೆಯ ಮೇಲೆ ಎಷ್ಟೆಲ್ಲ ಸಿಟ್ಟು ಕೂಡಿಟ್ಟಿದ್ದಳೋ ಅದೆಲ್ಲ ಎಲ್ಲಿ ಹೋಯಿತೆಂದು ಅವಳಿಗೆ ತಿಳಿಯಲಿಲ್ಲ. ಅದರ ಜಾಗದಲ್ಲಿ ಬೇರೆ ಒಬ್ಬರ ಮೇಲಿನದು ಬಂದು ಕೂತಿತ್ತು, ಇದು ಅತ್ತು ಕರಗುವಂಥದ್ದಲ್ಲ.

"ನುಂಗಿ ಅತ್ತೆ," ಅಂದಳು.

ಹಿಂದೆ ಅವನ ಕೈ ಗೋಡೆಯನ್ನು ತಡವುವುದು, ಮರದ ಕಾಲು ನೆಲಕ್ಕೆ ಜಾರುವುದು ಕೇಳಿಸಿತು. "ಪ್ರತಿಮಾ, ಒಸಿ ಬಾರೆ," ಎಂದು ಕರೆದ. ಇನ್ನೊಂದು ಸಲ ಕರೆದ. ಅವಳಿಗೆ ಎರಡು ಸಲವೂ ಚೆನ್ನಾಗಿ ಕೇಳಿಸಿತು. ಅವಳು ಹೋಗಲಿಲ್ಲ.